ಐಜಾಲ್‌ಗೆ ಮೂರೇ ದಿನವಾ?

ನಮ್ಮ ಮನೆಯ ವಾಟ್ಸಾಪ್ ಗುಂಪು. ಗುರುವಾರ ರಾತ್ರಿ ಊಟ ಆದ ಮೇಲೆ ಶುರುವಾಗಿದ್ದು.

ಪುಟ್ಟ: (ವಿಡಿಯೋ) ಯಾರಿಗೂ ಗೊತ್ತಿಲ್ಲದ ಬೆಟ್ಟದ ನಗರ, ಮಿಜೋರಾಂನ ಐಜಾಲ್! ಮೂರು ದಿನ, 15 ಜಾಗ!

ಪುಟ್ಟ: ಎಲ್ಲರೂ ಪೂರ್ತಿ ನೋಡಿ. ಜನವರಿಯಲ್ಲಿ ಇಲ್ಲಿಗೇ ಹೋಗೋಣ. ಊಟಿ, ಮುನ್ನಾರ್ ನೋಡಿ ನೋಡಿ ಸಾಕಾಗಿದೆ. ಪ್ಲಾನ್ ಕೂಡ ಮಾಡಿದ್ದೇನೆ. ಶುಕ್ರವಾರ ಮಧ್ಯಾಹ್ನ ಇಳಿಯುವುದು. ಶನಿವಾರ ರೇಯೆಕ್ ಬೆಟ್ಟ, ವಂಟಾಂಗ್ ಜಲಪಾತ. ಭಾನುವಾರ ಊರೊಳಗೆ ಮ್ಯೂಸಿಯಂ, ಬಡಾ ಬಜಾರ್, ಶಾಪಿಂಗ್. ಸೋಮವಾರ ಫಾಂಗ್‌ಪುಯಿ ಶಿಖರ ಮುಗಿಸಿ ಸಂಜೆ ವಿಮಾನ.

ಅತ್ತಿಗೆ: ಅಬ್ಬಾ, ರಾತ್ರಿ ಬೆಟ್ಟದ ತುಂಬ ದೀಪ! ನಾನು ರೆಡಿ.

ಚಿಕ್ಕಮ್ಮ: ಎಲ್ಲಿ ನೋಡಿದರೂ ಮೆಟ್ಟಿಲೇ ಕಾಣುತ್ತಿದೆಯಲ್ಲೋ. ನನ್ನ ಮಂಡಿ ಕಥೆ ಏನು?

ದೊಡ್ಡಪ್ಪ: ಮಿಜೋರಾಂ ಅಂದರೆ ಬಂಡಾಯ, ಗಲಾಟೆ ಇದ್ದ ಜಾಗ. ಹೆಂಗಸರು ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಯಾಕೆ?

ನಾನು: ಪುಟ್ಟ, ಐಜಾಲ್‌ಗೆ ಹೋಗೋಣ ಅಂದಿದ್ದಕ್ಕೆ ನನಗಿಂತ ಖುಷಿಪಡುವವರು ಈ ಗುಂಪಿನಲ್ಲಿ ಇಲ್ಲ. ಎರಡು ವರ್ಷ ಕೆಲಸದ ಮೇಲೆ ಇದ್ದ ಊರು ಅದು. ಆದರೆ ಈ ವಿಡಿಯೋ ನಂಬಿ ಟಿಕೆಟ್ ಮಾಡಬೇಡ. ಫಾಂಗ್‌ಪುಯಿ ಐಜಾಲ್‌ನಲ್ಲಿ ಇಲ್ಲ. ಮಿಜೋರಾಂನ ಅತಿ ಎತ್ತರದ ಬೆಟ್ಟ ಅದು, 2,157 ಮೀಟರ್. ಇರುವುದು ದಕ್ಷಿಣದ ತುದಿಯಲ್ಲಿ, ಮ್ಯಾನ್ಮಾರ್ ಗಡಿಯ ಹತ್ತಿರ. ಬೆಟ್ಟದ ರಸ್ತೆಯಲ್ಲಿ ಅಲ್ಲಿಗೆ ಹೋಗುವುದಕ್ಕೇ ಒಂದು ದಿನ ಬೇಕು. ಸಂಜೆ ವಿಮಾನ ಹತ್ತುವ ಮಾತೇ ಇಲ್ಲ.

ನಾನು: ರೇಯೆಕ್ ಮತ್ತು ವಂಟಾಂಗ್ ಒಂದೇ ದಿನ ಆಗುವುದಿಲ್ಲ. ಒಂದು ಪಶ್ಚಿಮಕ್ಕೆ, ಇನ್ನೊಂದು ದಕ್ಷಿಣಕ್ಕೆ. ಭಾನುವಾರವಂತೂ ಅಂಗಡಿ, ಬಜಾರು ಏನೂ ತೆರೆದಿರುವುದಿಲ್ಲ. ಟ್ಯಾಕ್ಸಿ ಸಿಗುವುದೂ ಕಷ್ಟ.

ಪುಟ್ಟ: ಭಾನುವಾರ ಇಡೀ ಊರು ಬಂದ್? ರಾಜಧಾನಿ ಅಲ್ವಾ ಅದು?

ನಾನು: ರಾಜಧಾನಿಯೇ. 2011ರ ಜನಗಣತಿಯಲ್ಲಿ ಸುಮಾರು 2.93 ಲಕ್ಷ ಜನ ಇದ್ದ ಊರು. ಆದರೂ ಭಾನುವಾರ ಬಂದ್. ಬೆಳಿಗ್ಗೆ ಎಲ್ಲರೂ ಒಳ್ಳೆಯ ಬಟ್ಟೆ ಹಾಕಿಕೊಂಡು ಚರ್ಚಿಗೆ ನಡೆದು ಹೋಗುತ್ತಾರೆ.

ಪುಟ್ಟ: ಹಾಗಾದರೆ ಶನಿವಾರ ರಾತ್ರಿಯೇ ವಾಪಸ್ ಬರುವ ಹಾಗೆ ಮಾಡೋಣ. ಒಂದು ದಿನ ಸುಮ್ನೆ ವೇಸ್ಟ್ ಯಾಕೆ?

ನಾನು: ವೇಸ್ಟ್ ಅನ್ನಬೇಡ ಪುಟ್ಟ.

ದೊಡ್ಡಪ್ಪ: ನನ್ನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. 1966ರಲ್ಲಿ ನಾನು ಮಿಡ್ಲ್ ಸ್ಕೂಲಿನಲ್ಲಿದ್ದೆ. ಆಗ ನಮ್ಮ ಮೇಷ್ಟ್ರು ಪೇಪರ್ ಓದಿ ಹೇಳುತ್ತಿದ್ದರು.

ನಾನು: ದೊಡ್ಡಪ್ಪ, ಕ್ಷಮಿಸಿ. ನಿಮಗೆ ನೆನಪಿರುವುದು ಸರಿಯಾಗಿಯೇ ಇದೆ. ಆದರೆ 1986ರ ಜೂನ್ 30ಕ್ಕೆ ಸರ್ಕಾರಕ್ಕೂ ಬಂಡಾಯಗಾರರಿಗೂ ಒಪ್ಪಂದ ಆಯಿತು. ಮರುವರ್ಷ ಫೆಬ್ರವರಿ 20ಕ್ಕೆ ಮಿಜೋರಾಂ ರಾಜ್ಯ ಆಯಿತು. ಬಂಡಾಯ ನಡೆಸಿದ ಲಾಲ್‌ಡೆಂಗಾ ಅವರೇ ಮುಖ್ಯಮಂತ್ರಿ ಆದರು. ಆ ಒಪ್ಪಂದ ಮುರಿದು ಬೀಳಲಿಲ್ಲ. ರಾತ್ರಿ ಎಂಟಕ್ಕೆ ನಾನು ಒಬ್ಬಳೇ ಮನೆಗೆ ನಡೆದು ಬರುತ್ತಿದ್ದೆ. ಒಂದು ದಿನವೂ ಭಯ ಆಗಲಿಲ್ಲ.

ದೊಡ್ಡಪ್ಪ: ನಮ್ಮದೇ ಊರಿನ ಮೇಲೆ ವಿಮಾನದಿಂದ ದಾಳಿ ಮಾಡಿದ್ದು ನಿಜವಾ?

ನಾನು: ನಿಜ. 1966ರ ಮಾರ್ಚ್ 5. ವಾಯುಪಡೆಯ ವಿಮಾನಗಳು ಐಜಾಲ್ ಮೇಲೆ ದಾಳಿ ಮಾಡಿದವು. ಆ ದಿನ ಓಡಿ ಕಾಡು ಸೇರಿದವರು ಈಗಲೂ ಇದ್ದಾರೆ. ನನ್ನ ಮನೆಯ ಕೆಳಗಿನ ಅಂತಸ್ತಿನಲ್ಲಿದ್ದ ಅಜ್ಜಿ ಅವರಲ್ಲಿ ಒಬ್ಬರು. ಅವರು ಅದನ್ನು ಒಂದೇ ಸಲ ಹೇಳಿದರು. ನಾನು ಮತ್ತೆ ಕೇಳಲಿಲ್ಲ.

ಅಮ್ಮ: ಬಂಡಾಯ ಶುರುವಾಗಿದ್ದು ಯಾಕೆ? ಬಿದಿರಿನ ವಿಷಯ ಏನೋ ಹೇಳಿದ್ದೆಯಲ್ಲ ನೀನು.

ನಾನು: ಹೌದಮ್ಮ. ಅಲ್ಲಿನ ಬೆಟ್ಟಗಳ ತುಂಬ ಒಂದು ಜಾತಿಯ ಬಿದಿರು. ಸುಮಾರು 48 ವರ್ಷಕ್ಕೆ ಒಮ್ಮೆ ಎಲ್ಲವೂ ಒಟ್ಟಿಗೆ ಹೂ ಬಿಟ್ಟು, ಕಾಯಿ ಕಚ್ಚಿ, ಸಾಯುತ್ತದೆ. ಅದಕ್ಕೆ ಅವರು ‘ಮಾವ್‌ತಾಮ್’ ಅನ್ನುತ್ತಾರೆ. ಬಿದಿರಿನ ಸಾವು ಅಂತ ಅರ್ಥ. ಆ ಬೀಜ ತಿಂದು ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತವೆ. ಬೀಜ ಮುಗಿದ ಮೇಲೆ ಗದ್ದೆಗೆ, ಕಣಜಕ್ಕೆ ನುಗ್ಗುತ್ತವೆ. 1959ರಲ್ಲಿ ಹೀಗೇ ಬರ ಬಂತು. ಸರ್ಕಾರ ಸರಿಯಾಗಿ ನೆರವು ಕೊಡಲಿಲ್ಲ ಅಂತ ಜನ ಸಿಟ್ಟಾದರು. ಹಸಿದವರಿಗೆ ಅಕ್ಕಿ ಹಂಚಲು ಕಟ್ಟಿದ ಸಂಘವೇ ಮುಂದೆ ಮಿಜೋ ನ್ಯಾಷನಲ್ ಫ್ರಂಟ್ ಆಯಿತು. ಬಂಡಾಯ ಎದ್ದಿದ್ದು ಅದೇ.

ಅಮ್ಮ: ನಿನ್ನ ಅಜ್ಜಿಯೂ ಹೀಗೇ ಹೇಳುತ್ತಿದ್ದರು. ಬಿದಿರಕ್ಕಿ ಆದ ವರ್ಷ ಬರ ಅಂತ. ನಾವು ಅಕ್ಕಿ ಗುಡಿಸಿ ತಂದು ಗಂಜಿ ಮಾಡಿದ್ದು ಮಾತ್ರ ನನಗೆ ನೆನಪು.

ದೊಡ್ಡಪ್ಪ: ಹೌದು. ನಮ್ಮಲ್ಲಿ ಇಲಿಯೂ ಬಂತು. ಅಡಿಕೆ ಮನೆಗಳು ಹೇಗೋ ಉಳಿದವು. ಬರೀ ಬೆಟ್ಟದ ಬೆಳೆ ನಂಬಿದವರಿಗೆ ಕಷ್ಟವೇ.

ಪುಟ್ಟ: ಇದೆಲ್ಲ ಸರಿ. ನಾವು ಟ್ರಿಪ್ ವಿಷಯಕ್ಕೆ ಬರೋಣವಾ? ಅಕ್ಕ, ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ಎರಡು ವರ್ಷ ಅಲ್ಲೇ ಇದ್ದವಳು. ಭಾನುವಾರ ಸುಮ್ನೆ ಕೂರಲು ನಿನಗೆ ಸಮಯ ಇತ್ತು. ನನಗೆ ಸಿಗುವುದು ಐದು ದಿನ ರಜೆ. ಬೆಂಗಳೂರಿನಿಂದ ವಿಮಾನ ಬದಲಿಸಿ, ಅಷ್ಟು ದುಡ್ಡು ಕೊಟ್ಟು ಹೋಗಿ ಎರಡೇ ಜಾಗ ನೋಡಿ ಬರುವುದಾ? ಹಣ ಹಾಕುವವರು ನಾವೆಲ್ಲ. ಎಲ್ಲರಿಗೂ ನೋಡಲು ಏನಾದರೂ ಇರಬೇಕು ಅಲ್ವಾ?

ಅತ್ತಿಗೆ: ಪುಟ್ಟ ಹೇಳುವುದರಲ್ಲೂ ತಪ್ಪಿಲ್ಲ.

ನಾನು: ತಪ್ಪಿಲ್ಲ ಅತ್ತಿಗೆ. ಐದೇ ದಿನ ಅನ್ನುವುದು ನಿಜವಾದ ಕಷ್ಟ. ಅದಕ್ಕೇ ಹೇಳುವುದು, ಆ ಐದು ದಿನವನ್ನು ಕಾರಿನೊಳಗೆ ಕಳೆಯುವುದು ಬೇಡ. ಐಜಾಲ್‌ನಲ್ಲಿ ನೋಡುವುದು ಊರೇ. ಒಂದು ಬೆಟ್ಟದ ಏಣಿನ ಮೇಲೆ ಊರು ಕಟ್ಟಿದ್ದಾರೆ, ಸುಮಾರು 1,100 ಮೀಟರ್ ಎತ್ತರದಲ್ಲಿ. ಒಂದು ಕಡೆ ತ್ಲಾಂಗ್ ನದಿಯ ಕಣಿವೆ, ಇನ್ನೊಂದು ಕಡೆ ತುಯಿರಿಯಲ್. ಸಮತಟ್ಟಾದ ಜಾಗ ಇಲ್ಲವೇ ಇಲ್ಲ. ರಸ್ತೆಯಿಂದ ನೋಡಿದರೆ ಒಂದಂತಸ್ತಿನ ಮನೆ. ಒಳಗೆ ಹೋದರೆ ಕೆಳಗೆ ನಾಲ್ಕು ಅಂತಸ್ತು, ಕಂಬದ ಮೇಲೆ ನಿಂತಿರುತ್ತದೆ. ಮಾಡಿನ ನೀರು ಹಿಡಿಯಲು ಮನೆ ಮನೆಗೂ ಟ್ಯಾಂಕು. ಚಳಿಗಾಲದ ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಕಣಿವೆ ತುಂಬ ಮೋಡ, ನಾವು ಅದರ ಮೇಲೆ. ಇದನ್ನು ನೋಡಲು ಎಲ್ಲಿಗೂ ಓಡಬೇಕಾಗಿಲ್ಲ. ಬೇಗ ಏಳಬೇಕು, ಅಷ್ಟೇ. ಸಂಜೆ ಐದರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಹಾಗಾಗಿ ದಿನಕ್ಕೆ ಐದು ಜಾಗ ಅನ್ನುವ ಲೆಕ್ಕವೇ ಅಲ್ಲಿ ನಡೆಯುವುದಿಲ್ಲ.

ಅತ್ತಿಗೆ: ಯಾರೂ ಹಾರ್ನ್ ಹೊಡೆಯುವುದಿಲ್ಲ ಅಂತ ವಿಡಿಯೋದಲ್ಲಿ ಇತ್ತು. ಸುಳ್ಳು ತಾನೇ?

ನಾನು: ಅದು ನಿಜ. ಕಾರುಗಳು ಒಂದು ಸಾಲು, ಬೈಕ್, ಸ್ಕೂಟರ್ ಇನ್ನೊಂದು ಸಾಲು. ಜಾಮ್ ಆದರೂ ಯಾರೂ ನುಗ್ಗುವುದಿಲ್ಲ. ದಂಡದ ಭಯಕ್ಕೆ ಅಲ್ಲ. ಪಕ್ಕದವರಿಗೆ ತೊಂದರೆ ಕೊಡಬಾರದು ಅನ್ನುವುದು ಅಲ್ಲಿ ಮನೆಯಲ್ಲೇ ಕಲಿಸುವ ಪಾಠ. ಅದಕ್ಕೆ ‘ತ್ಲಾಮ್‌ಗೈನಾ’ ಅನ್ನುವ ಮಾತು ಇದೆ. ತನ್ನ ಸುಖಕ್ಕಿಂತ ಇನ್ನೊಬ್ಬರ ಕಷ್ಟ ಮೊದಲು ಅಂತ.

ಪುಟ್ಟ: ವಿಡಿಯೋದಲ್ಲಿ ಅಂಗಡಿಯವರೇ ಇಲ್ಲದ ಅಂಗಡಿ ನೋಡಿದಿರಾ? ಹಣ್ಣು, ತರಕಾರಿ ಫ್ರೀ! ಅವನು ಬಾಳೆಹಣ್ಣಿನ ಚಿಪ್ಪು ಎತ್ತಿಕೊಂಡು ಹೋಗುತ್ತಾನೆ. ನಾವೂ ಒಂದು ರೀಲ್ ಮಾಡಬೇಕು.

ನಾನು: ಪುಟ್ಟ, ಅದು ಫ್ರೀ ಅಲ್ಲ. ನನಗೆ ಆ ವಿಡಿಯೋದಲ್ಲಿ ಹೊಟ್ಟೆ ಉರಿದ ಜಾಗ ಅದೇ. ಹೆದ್ದಾರಿ ಬದಿಯಲ್ಲಿ, ಸೆಲಿಂಗ್ ಕಡೆಗೆ ಹೋಗುವಾಗ ಇಂಥ ಚಪ್ಪರಗಳು ಸಿಗುತ್ತವೆ. ತರಕಾರಿ, ಹಣ್ಣು, ಜ್ಯೂಸ್ ಬಾಟಲಿ ಇಟ್ಟಿರುತ್ತಾರೆ. ಬೆಲೆ ಬರೆದ ಹಲಗೆ, ಪಕ್ಕದಲ್ಲಿ ದುಡ್ಡಿನ ಡಬ್ಬಿ. ನಾವು ದುಡ್ಡು ಹಾಕಿ, ಚಿಲ್ಲರೆ ಬೇಕಾದರೆ ಅದರಿಂದಲೇ ತೆಗೆದುಕೊಳ್ಳಬೇಕು. ಅಂಗಡಿಯವರು ಯಾಕೆ ಇಲ್ಲ ಗೊತ್ತಾ? ಬೆಟ್ಟದ ಮೇಲೆ ಹೊಲದಲ್ಲಿ ಕೆಲಸ ಮಾಡುತ್ತಿರುತ್ತಾರೆ. ಅಂಗಡಿಯಲ್ಲಿ ಒಬ್ಬರು ಕೂತರೆ ಹೊಲಕ್ಕೆ ಒಬ್ಬರು ಕಡಿಮೆ. ಸಂಜೆ ಇಳಿದು ಬಂದು ಡಬ್ಬಿ ತೆರೆಯುತ್ತಾರೆ. ಅದರಲ್ಲಿ ಇರುವುದು ಅವರ ದಿನದ ಸಂಪಾದನೆ. ಆ ಹುಡುಗ ದುಡ್ಡು ಹಾಕಿದ್ದು ವಿಡಿಯೋದಲ್ಲಿ ಎಲ್ಲೂ ಇಲ್ಲ. ಅದನ್ನು ನೋಡಿ ಹತ್ತು ಜನ ಹಾಗೇ ಮಾಡಿದರೆ ಆ ಚಪ್ಪರಗಳು ಉಳಿಯುತ್ತವಾ?

ಪುಟ್ಟ: ಇಷ್ಟು ಬೈಯಬೇಕಾ ಅಕ್ಕ? ವಿಡಿಯೋ ಮಾಡಿದವನು ನಾನಲ್ಲ.

ಚಿಕ್ಕಮ್ಮ: ಇಬ್ಬರೂ ಸ್ವಲ್ಪ ಸಮಾಧಾನ ಮಾಡಿಕೊಳ್ಳಿ.

ನಾನು: ನಿನ್ನನ್ನು ಬೈದಿದ್ದಲ್ಲ ಪುಟ್ಟ. ಆ ಊರಿನ ಜನ ನನ್ನನ್ನು ನೋಡಿಕೊಂಡ ರೀತಿ ನೆನಪಾಯಿತು. ನಾನು ಹೋದ ಮೊದಲ ಭಾನುವಾರ ಮನೆಯಲ್ಲಿ ಒಂದು ಬಿಸ್ಕತ್ ಪೊಟ್ಟಣ ಬಿಟ್ಟರೆ ಏನೂ ಇರಲಿಲ್ಲ. ಹೋಟೆಲ್ ಹುಡುಕಿಕೊಂಡು ಒಂದು ಗಂಟೆ ಮೆಟ್ಟಿಲು ಹತ್ತಿ ಇಳಿದೆ. ಎಲ್ಲ ಬಾಗಿಲು ಹಾಕಿತ್ತು. ಚರ್ಚಿನಿಂದ ಬರುತ್ತಿದ್ದ ಆ ಅಜ್ಜಿ ನನ್ನ ಮುಖ ನೋಡಿದರು. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು. ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಅನ್ನ, ಬೇಯಿಸಿದ ಸಾಸಿವೆ ಸೊಪ್ಪು, ಸೀಮೆಬದನೆ, ಮೆಣಸಿನಕಾಯಿ ಚಟ್ನಿ. ನಾನು ಮಾಂಸ ತಿನ್ನುವುದಿಲ್ಲ ಅಂತ ಸನ್ನೆ ಮಾಡಿದ್ದಕ್ಕೆ ಹಂದಿ ಮಾಂಸದ ಪಾತ್ರೆಯನ್ನು ದೂರ ಇಟ್ಟರು. ಆಮೇಲೆ ಎರಡು ವರ್ಷ, ಊರಲ್ಲಿದ್ದ ಭಾನುವಾರಗಳಲ್ಲೆಲ್ಲ ಅವರ ಮನೆಯಲ್ಲೇ ಊಟ. ಮಧ್ಯಾಹ್ನ ಒಂದು ವಾಹನದ ಸದ್ದೂ ಇರುತ್ತಿರಲಿಲ್ಲ. ಎದುರು ಬೆಟ್ಟದ ಚರ್ಚಿನಲ್ಲಿ ಡೋಲು ಬಾರಿಸಿ ಹಾಡಿದರೆ ನಮ್ಮ ಜಗುಲಿಗೆ ಕೇಳುತ್ತಿತ್ತು. ಆ ದಿನವನ್ನೇ ನೀನು ಪ್ಲಾನ್‌ನಿಂದ ತೆಗೆಯುತ್ತೇನೆ ಅಂದೆ. ಅದಕ್ಕೆ ಹೀಗೆ ಬರೆದೆ.

ಅತ್ತೆ: ಈಗ ನೋಡಿದೆ ಎಲ್ಲ ಮೆಸೇಜು. ಸೀಮೆಬದನೆ ಅಲ್ಲಿಯೂ ಬೆಳೆಯುತ್ತಾರಾ? ನನಗೆ ಊಟದ್ದೇ ಚಿಂತೆ ಆಗಿತ್ತು.

ನಾನು: ರಾಶಿ ಬೆಳೆಯುತ್ತಾರೆ ಅತ್ತೆ. ಐಜಾಲ್ ಪಕ್ಕದ ಸಿಹ್‌ಫಿರ್‌ನಲ್ಲಿ ಬೆಟ್ಟದ ಇಳಿಜಾರಿಗೆಲ್ಲ ಸೀಮೆಬದನೆ ಚಪ್ಪರವೇ. ಆದರೆ ‘ಬಾಯಿ’ ಅನ್ನುವ ಸೊಪ್ಪಿನ ಅಡುಗೆಗೆ ಎಷ್ಟೋ ಮನೆಗಳಲ್ಲಿ ಹುದುಗಿಸಿದ ಹಂದಿ ಕೊಬ್ಬು ಹಾಕುತ್ತಾರೆ. ಕೇಳಿಯೇ ತಿನ್ನಬೇಕು. ಹೇಳಿದರೆ ಬೇರೆ ಮಾಡಿಕೊಡುತ್ತಾರೆ.

ಚಿಕ್ಕಮ್ಮ: ಮಂಡಿ ವಿಷಯ ಎಲ್ಲರೂ ಮರೆತಿರಿ.

ನಾನು: ಮರೆತಿಲ್ಲ ಚಿಕ್ಕಮ್ಮ. ಮುಖ್ಯ ರಸ್ತೆಗೇ ಬಾಗಿಲು ಇರುವ ಹೋಟೆಲ್ ಹಿಡಿಯೋಣ, ಮೆಟ್ಟಿಲು ತಪ್ಪುತ್ತದೆ. ರೇಯೆಕ್‌ಗೆ ಸುಮಾರು 30 ಕಿಲೋಮೀಟರ್. ಕಾರು ಬೆಟ್ಟದ ಬುಡದ ತನಕ ಹೋಗುತ್ತದೆ. ಹಳೆಯ ಕಾಲದ ಮಿಜೋ ಮನೆಗಳ ಮಾದರಿ ಅಲ್ಲೇ ಇದೆ. ನೀವು ಮತ್ತು ಅತ್ತೆ ಅಲ್ಲಿ ಕೂತಿರಿ. ನಾವು ಕಾಡಿನೊಳಗೆ ಹತ್ತಿ ತುದಿಗೆ ಹೋಗಿ ಬರುತ್ತೇವೆ. ಮೇಲೆ ಬರೀ ಹುಲ್ಲು, ಬಂಡೆ. ಆಕಾಶ ತಿಳಿಯಾಗಿದ್ದರೆ ಬಾಂಗ್ಲಾದೇಶದ ಬಯಲು ಕಾಣುತ್ತದೆ.

ದೊಡ್ಡಪ್ಪ: ಆ ಜಲಪಾತ ಎಷ್ಟು ಎತ್ತರ? ಜೋಗ ಬಿಟ್ಟು ಅಷ್ಟು ದೂರ ಹೋಗುವಂಥದ್ದಾ?

ನಾನು: ಜೋಗ 253 ಮೀಟರ್, ವಂಟಾಂಗ್ 229. ಆದರೆ ಹತ್ತಿರ ಹೋಗಲು ಆಗುವುದಿಲ್ಲ, ದೂರದ ಕಟ್ಟೆಯಿಂದ ನೋಡಬೇಕು. ವಿಡಿಯೋದಲ್ಲಿ ಸ್ನಾನ ಮಾಡುತ್ತಿರುವುದು ಬೇರೆ ಯಾವುದೋ ಜಲಪಾತ. ಜನವರಿಯಲ್ಲಿ ಜೋಗದ ಹಾಗೇ ಅಲ್ಲಿಯೂ ನೀರು ಕಡಿಮೆ. ಅದನ್ನು ಬಿಟ್ಟರೂ ನಷ್ಟ ಇಲ್ಲ. ಹೋಗುವುದಾದರೆ ದಾರಿಯಲ್ಲಿ ಸಿಗುವ ತೆಂಜಾಲ್‌ಗಾಗಿ ಹೋಗೋಣ. ಅಲ್ಲಿ ಮನೆ ಮನೆಯಲ್ಲೂ ಮಗ್ಗ. ಹೆಂಗಸರು ‘ಪುವಾನ್’ ನೇಯುತ್ತಾರೆ, ನಮ್ಮ ಪಂಚೆಯ ಹಾಗೆ ಸುತ್ತಿಕೊಳ್ಳುವ ಬಟ್ಟೆ.

ಅತ್ತಿಗೆ: ಶಾಪಿಂಗ್ ಅಲ್ಲೇ ಆಯಿತು ಬಿಡಿ.

ದೊಡ್ಡಪ್ಪ: ರೈಲು ಬಂದಿದೆಯಂತಲ್ಲ?

ನಾನು: ಬಂದಿದೆ ದೊಡ್ಡಪ್ಪ, 2025ರ ಸೆಪ್ಟೆಂಬರ್ 13ರಂದು ಉದ್ಘಾಟನೆ ಆಯಿತು. ಬೈರಾಬಿಯಿಂದ ಐಜಾಲ್ ಹತ್ತಿರದ ಸಾಯ್‌ರಾಂಗ್ ತನಕ 51 ಕಿಲೋಮೀಟರ್, ಅಷ್ಟರಲ್ಲೇ 48 ಸುರಂಗ. ಕುತುಬ್ ಮಿನಾರ್‌ಗಿಂತ ಎತ್ತರದ ಸೇತುವೆ ಇದೆ. ಅದರ ಕೆಲಸ ನಡೆಯುವಾಗ 2023ರ ಆಗಸ್ಟ್‌ನಲ್ಲಿ ಒಂದು ಸೇತುವೆ ಕಟ್ಟಲು ಬಳಸುತ್ತಿದ್ದ ಉಕ್ಕಿನ ಚೌಕಟ್ಟು ಕುಸಿದು 20ಕ್ಕೂ ಹೆಚ್ಚು ಕೂಲಿಯವರು ಸತ್ತರು. ಬಂಗಾಳದ ಮಾಲ್ಡಾದಿಂದ ದುಡಿಯಲು ಬಂದವರು. ರೈಲಿನಲ್ಲಿ ಹೋಗುವಾಗ ಅವರನ್ನೂ ನೆನೆಯಬೇಕು ಅನಿಸುತ್ತದೆ ನನಗೆ. ನಾವು ಗುವಾಹಟಿ ತನಕ ವಿಮಾನ, ಅಲ್ಲಿಂದ ರೈಲು ಮಾಡಬಹುದು. ಅಥವಾ ನೇರ ಲೆಂಗ್‌ಪುಯಿ ವಿಮಾನ ನಿಲ್ದಾಣಕ್ಕೆ. ಎಲ್ಲಿಂದ ಹೋದರೂ ಇನ್ನರ್ ಲೈನ್ ಪರ್ಮಿಟ್ ಬೇಕು, ಹೊರಗಿನವರು ಆ ರಾಜ್ಯದೊಳಗೆ ಹೋಗಲು ಪಡೆಯುವ ಅನುಮತಿ ಅದು. ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸೋಣ.

ದೊಡ್ಡಪ್ಪ: ನಮ್ಮ ದೇಶದೊಳಗೆ ನಮಗೇ ಪರ್ಮಿಟ್ ಯಾಕೆ? ಇದು ನನಗೆ ಸರಿ ಕಾಣುವುದಿಲ್ಲ.

ನಾನು: ಬ್ರಿಟಿಷರು 1873ರಲ್ಲಿ ತಮ್ಮ ವ್ಯಾಪಾರಕ್ಕೆ ಮಾಡಿದ ಕಾನೂನು ಅದು. ಈಗ ಅಲ್ಲಿನವರೇ ಬೇಕು ಅನ್ನುತ್ತಾರೆ. 2011ರಲ್ಲಿ ಇಡೀ ರಾಜ್ಯದ ಜನ ಸೇರಿ ಸುಮಾರು 11 ಲಕ್ಷ. ಹೊರಗಿನವರು ಬಂದು ನೆಲೆಸಿದರೆ ತಮ್ಮ ನೆಲ, ಭಾಷೆ ಕೈ ತಪ್ಪುತ್ತದೆ ಅನ್ನುವ ಭಯ. ನನಗೆ ಅದು ಸರಿ ಅನಿಸುತ್ತದೆ.

ದೊಡ್ಡಪ್ಪ: ನನಗೆ ಅನಿಸುವುದಿಲ್ಲ. ಆದರೂ ಫೋಟೋ ಕಳಿಸುತ್ತೇನೆ. ಎಷ್ಟು ಪ್ರತಿ?

ಪುಟ್ಟ: ಹೊಸ ಪ್ಲಾನ್. ಗುರುವಾರ ಇಳಿಯುವುದು. ಶುಕ್ರವಾರ ರೇಯೆಕ್. ಶನಿವಾರ ಬೆಳಿಗ್ಗೆ ಬಡಾ ಬಜಾರ್, ಮ್ಯೂಸಿಯಂ. ಭಾನುವಾರ ಖಾಲಿ. ಸೋಮವಾರ ವಾಪಸ್. ತೆಂಜಾಲ್ ಸೇರಿಸಲು ಆರನೇ ದಿನ ಬೇಕು. ರಜೆ ಕೇಳಿ ನೋಡುತ್ತೇನೆ. ಭಾನುವಾರದ ಬಗ್ಗೆ ನನಗೆ ಇನ್ನೂ ಅನುಮಾನ ಇದೆ ಅಕ್ಕ, ಹೇಳಿಬಿಡುತ್ತೇನೆ.

ನಾನು: ಇರಲಿ. ಶನಿವಾರ ಮಧ್ಯಾಹ್ನದೊಳಗೆ ಅಕ್ಕಿ, ತರಕಾರಿ, ಹಾಲು ತಂದಿಟ್ಟುಕೊಳ್ಳಬೇಕು. ಅದನ್ನೂ ಬರೆದುಕೋ.

ಅಮ್ಮ: ಜನವರಿಯಲ್ಲಿ ಅಲ್ಲಿ ಕಳಲೆ ಸಿಗುತ್ತದಾ?

ನಾನು: ಎಳೆಯದು ಮಳೆಗಾಲದಲ್ಲಿ ಮಾತ್ರ ಅಮ್ಮ, ನಮ್ಮ ಹಾಗೇ. ಒಣಗಿಸಿದ್ದು ಸಿಗುತ್ತದೆ.

ಅಮ್ಮ: ಆ ಅಜ್ಜಿ ಇನ್ನೂ ಇದ್ದಾರಾ?

ನಾನು: ಇದ್ದಾರೆ. ಕ್ರಿಸ್‌ಮಸ್‌ಗೆ ಅವರ ಮೊಮ್ಮಗಳ ಫೋನಿನಿಂದ ಮಾತಾಡಿದೆ.

ಅಮ್ಮ: ಹಾಗಾದರೆ ಅಪ್ಪೆಮಿಡಿ ಉಪ್ಪಿನಕಾಯಿ ಎರಡು ಬಾಟಲಿ ಕಟ್ಟುತ್ತೇನೆ. ವಿಮಾನದಲ್ಲಿ ಬಿಡುತ್ತಾರಾ?

ನಾನು: ಕೈಚೀಲದಲ್ಲಿ ಬೇಡ. ದೊಡ್ಡ ಬ್ಯಾಗಿಗೆ ಹಾಕೋಣ. ಮುಚ್ಚಳಕ್ಕೆ ಟೇಪ್ ಸುತ್ತು.