ಹೊಸ ರೇಡಿಯೇಟರ್‌ನಲ್ಲಿ ಒಂದು ನಿಪ್ಪಲ್ ಜಾಸ್ತಿ ಇದೆ, ಯಾವ ಪೈಪ್ ಎಲ್ಲಿಗೆ?

ಸಂಡೂರು ಟಿಪ್ಪರ್:
ನಮ್ಮದು ಅದಿರು ಹೊಡೆಯುವ ಟಿಪ್ಪರ್, ತೋರಣಗಲ್ಲು ಕಡೆ ಲೋಡ್. ಹಳೇ ರೇಡಿಯೇಟರ್ ಜಾಲರಿಯಲ್ಲಿ ಕೆಂಪು ದೂಳು ಗಟ್ಟಿಯಾಗಿ ಕೂತು, ಕೊನೆಗೆ ಕೆಳಗಿನ ಅಂಚಿನಲ್ಲಿ ಸೋರಲು ಶುರುವಾಯಿತು. ಬೇರೆ ಕಡೆಯಿಂದ ಹೊಸದು ತರಿಸಿದೆ. ದೊಡ್ಡ ಹೋಸ್ ಎರಡರಲ್ಲಿ ಗೊಂದಲವಿಲ್ಲ, ಸಣ್ಣವೇ ತಲೆ ತಿನ್ನುತ್ತಿವೆ. ಹಳೆಯದರಲ್ಲಿ ಮೇಲೆ ಒಂದೇ ಸಣ್ಣ ನಿಪ್ಪಲ್ (ಪೈಪ್ ಸಿಕ್ಕಿಸುವ ಮೂತಿ) ಇತ್ತು. ಇದರಲ್ಲಿ ಕೆಳಗೂ ಒಂದಿದೆ, ಹೆಬ್ಬೆರಳು ಗಾತ್ರ. ಬಿಚ್ಚಿದ ಹುಡುಗ ಫೋಟೊ ತೆಗೆದಿಲ್ಲ. ಎಕ್ಸ್‌ಪಾನ್ಷನ್ ಟ್ಯಾಂಕಿನಿಂದ (ಕಾದು ಹಿಗ್ಗಿದ ನೀರು ಸೇರುವ ಟ್ಯಾಂಕ್) ಒಂದು ತೆಳು, ಒಂದು ದಪ್ಪ ಪೈಪ್ ನೇತಾಡುತ್ತಿವೆ. ಯಾವುದನ್ನು ಎಲ್ಲಿಗೆ ಹಾಕಲಿ?

ಬಳ್ಳಾರಿ ಮೇಸ್ತ್ರಿ:
ಪೈಪ್ ಹಿಡಿದುಕೊಂಡು ಕೂರಬೇಡಿ ಅಣ್ಣ, ನೀರಿನ ದಾರಿ ಹಿಡಿಯಿರಿ. ಎಂಜಿನ್‌ನಲ್ಲಿ ಕಾದ ನೀರು ಥರ್ಮೋಸ್ಟಾಟ್ (ಬಿಸಿಯಾದಾಗ ತೆರೆಯುವ ಕವಾಟ) ದಾಟಿ ರೇಡಿಯೇಟರ್ ಮೇಲ್ಭಾಗಕ್ಕೆ ಬರುತ್ತದೆ. ಆರಿದ ನೀರನ್ನು ವಾಟರ್ ಪಂಪ್ ಕೆಳಗಿನಿಂದ ಎಳೆಯುತ್ತದೆ. ತೆಳು ಪೈಪ್ ಇರುವುದು ಗಾಳಿಗೆ: ರೇಡಿಯೇಟರ್ ಮೇಲಿನ ನಿಪ್ಪಲ್‌ನಿಂದ ಟ್ಯಾಂಕಿನ ನೆತ್ತಿಗೆ. ದಪ್ಪ ಪೈಪ್ ನೀರಿಗೆ: ಟ್ಯಾಂಕಿನ ತಳದಿಂದ ಪಂಪ್ ಎಳೆಯುವ ಕಡೆಗೆ. ಇವೆರಡು ಅದಲು ಬದಲಾದರೆ ಗಾಳಿ ಹೊರಗೆ ಹೋಗದೆ ಒಳಗೇ ಸುತ್ತುತ್ತದೆ. ಲೋಡ್ ಹಾಕಿಕೊಂಡು ಘಾಟ್ ಹತ್ತುವಾಗ ಟೆಂಪರೇಚರ್ ಮುಳ್ಳು ಸರ್ರನೆ ಮೇಲೇರುತ್ತದೆ.

ಪಂಪಿಗೆ ಹೋಗುವ ಕಬ್ಬಿಣದ ಪೈಪಿನಲ್ಲಿ ಸಣ್ಣ ಕವಲು ಇದೆಯಾ ನೋಡಿ. ಇದ್ದರೆ ದಪ್ಪದ್ದು ಅಲ್ಲಿಗೇ. ಆಗ ಹೊಸದರ ಕೆಳಗಿನ ನಿಪ್ಪಲ್‌ಗೆ ಗಟ್ಟಿ ರಬ್ಬರ್ ಕ್ಯಾಪ್ ಹಾಕಿ ಕ್ಲಿಪ್ ಬಿಗಿಯಿರಿ. ಸೈಕಲ್ ಟ್ಯೂಬ್ ಸುತ್ತಿ ಬಿಡಬೇಡಿ, ಬಿಸಿಗೆ ನಿಲ್ಲುವುದಿಲ್ಲ.

ಕೆಳಗಿನ ದೊಡ್ಡ ಹೋಸ್ ಒಳಗೆ ಸ್ಪ್ರಿಂಗ್ ಇದ್ದರೆ ತೆಗೆದು ಎಸೆಯಬೇಡಿ. ಅದಿಲ್ಲದಿದ್ದರೆ ಪಂಪಿನ ಎಳೆತಕ್ಕೆ ಹೋಸ್ ಚಪ್ಪಟೆಯಾಗುತ್ತದೆ. ಇನ್ನು ಕ್ಲಿಪ್: ಮೂತಿಯ ತುದಿಯಲ್ಲಿ ಒಂದು ಉಬ್ಬು ಇರುತ್ತದಲ್ವಾ, ಕ್ಲಿಪ್ ಅದನ್ನು ದಾಟಿ ಒಳಗೆ ಕೂರಬೇಕು. ಉಬ್ಬಿನ ಮೇಲೇ ಬಿಗಿದರೆ ಇವತ್ತಲ್ಲ ನಾಳೆ ಜಾರುತ್ತದೆ.

ಸಿಂಧನೂರು ಲಾರಿ:
ಮೇಸ್ತ್ರಿ ಹೇಳಿದ್ದು ಸರಿ. ಹೊಸ ರೇಡಿಯೇಟರ್‌ಗೆ ಬೋರ್ ನೀರು ಮಾತ್ರ ಹಾಕಬೇಡಿ. ನಮ್ಮ ಕಡೆ ನೀರಿಗೆ ಒಳಗೆಲ್ಲ ಸುಣ್ಣ ಕಟ್ಟುತ್ತದೆ. ಗಟ್ಟಿ ಕೂಲಂಟ್ ಆದರೆ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ. ಮೊದಲೇ ಬೆರೆಸಿದ ಕ್ಯಾನ್ ಆದರೆ ಹಾಗೇ ಸುರಿಯಿರಿ.

ಸಂಡೂರು ಟಿಪ್ಪರ್:
ಕವಲು ಸಿಕ್ಕಿತು! ಗ್ರೀಸು, ಮಣ್ಣು ಮೆತ್ತಿಕೊಂಡು ಕಾಣುತ್ತಲೇ ಇರಲಿಲ್ಲ. ಹಳೇ ಹೋಸ್‌ನ ಸ್ಪ್ರಿಂಗ್ ತುಕ್ಕು ಹಿಡಿದು ಪುಡಿಯಾಗಿದೆ, ಹೋಸ್ ಕೂಡ ಹೊಸದಕ್ಕೆ ಹೇಳಿದ್ದೇನೆ. ಒಳಗೆ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆಗದಂತೆ ತುಂಬಿಸುವುದು ಹೇಗೆ?

ಬಳ್ಳಾರಿ ಮೇಸ್ತ್ರಿ:
ಎಂಜಿನ್ ತಣ್ಣಗಿರುವಾಗ ನಿಧಾನಕ್ಕೆ ಸುರಿಯಿರಿ. ಸ್ಟಾರ್ಟ್ ಮಾಡಿ, ಮಟ್ಟ ಇಳಿದಷ್ಟೂ ತುಂಬಿ, ಕ್ಯಾಪ್ ಹಾಕಿ. ಕ್ಯಾಬಿನ್ ಹೀಟರ್ ಇದ್ದರೆ ಆನ್ ಮಾಡಿ. ಬಳ್ಳಾರಿ ಬಿಸಿಲಿಗೆ ಹೀಟರ್ ಯಾಕೆ ಅನ್ನಬೇಡಿ, ಅದರ ಪೈಪಿನಲ್ಲೂ ಗಾಳಿ ಕೂರುತ್ತದೆ. ಕೆಳಗಿನ ಹೋಸ್ ಬೆಚ್ಚಗಾದರೆ ಥರ್ಮೋಸ್ಟಾಟ್ ತೆರೆದಿದೆ ಅಂತ ಅರ್ಥ. ಆಮೇಲೆ ಆಫ್ ಮಾಡಿ, ಪೂರ್ತಿ ಆರಿದ ಮೇಲೆಯೇ ಕ್ಯಾಪ್ ತೆಗೆದು ಮಟ್ಟ ನೋಡಿ. ಒತ್ತಡ ಇರುವಾಗ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ, ಕ್ಯಾಪ್ ತಿರುಗಿಸಿದ ಕೂಡಲೇ ಮುಖಕ್ಕೇ ಚಿಮ್ಮುತ್ತದೆ. ಮೊದಲ ಲೋಡ್ ಇಳಿಸಿದ ಮೇಲೆ ಕ್ಲಿಪ್‌ಗಳನ್ನು ಇನ್ನೊಂದು ಸುತ್ತು ನೋಡಿ.