ಖೋಡರಬ್ಬರಿನಲ್ಲಿ ಕೆತ್ತಿದ ‘ಶ’

ಪುಣೆಯ ಪಿಂಪಳೆ ಸೌದಾಗರಕ್ಕೆ ಹೊಸದಾಗಿ ಬಂದ ತಂಗಿಯೊಬ್ಬರು ಮೊನ್ನೆ ನಮ್ಮ ಈ ಗುಂಪಿನಲ್ಲಿ ಕೇಳಿದ್ದರು: ‘ಮಗ ಮನೆಯಲ್ಲಿ ಕನ್ನಡ ಚೆಂದ ಮಾತಾಡ್ತಾನೆ, ಬರೆಯೋಕೆ ಕೂರಿಸಿದರೆ ಮಾತ್ರ ಹೊಟ್ಟೆನೋವು ಶುರು. ಏನು ಮಾಡಲಿ?’ ಉತ್ತರ ಬೇಕಾದಷ್ಟು ಬಂದವು. ಶನಿವಾರದ ಕನ್ನಡ ಕ್ಲಾಸಿಗೆ ಹಾಕಿ, ಆ್ಯಪ್ ಇದೆ ನೋಡಿ, ಊರಿಂದ ಕಾಪಿ ಪುಸ್ತಕ ತರಿಸಿ. ನಾವು ಈ ಮೂರನ್ನೂ ಮಾಡಿ ಮುಗಿಸಿದವರು. ಕ್ಲಾಸು ‘ಕ’ ಕಾಗುಣಿತದ ತನಕ ಬಂದು ನಿಂತಿತು, ಆ್ಯಪಿನಲ್ಲಿ ನಕ್ಷತ್ರಗಳು ಬಿದ್ದವು, ಕಾಪಿ ಪುಸ್ತಕದ ಕೊನೆಯ ಹಾಳೆಗಳ ತುಂಬ ಬೆಕ್ಕಿನ ಚಿತ್ರ. ನಮ್ಮಲ್ಲಿ ಕೆಲಸಕ್ಕೆ ಬಂದದ್ದು ಬೇರೆಯೇ, ಅದೂ ನಾನು ಯೋಚಿಸಿ ಮಾಡಿದ್ದಲ್ಲ. ಕೈಯಿಂದ ಮಾಡುವ ಶುಭಾಶಯದ ಕಾರ್ಡು. ಸ್ವಲ್ಪ ಉದ್ದವಾಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಮಗಳಿಗೆ ಒಂಬತ್ತು ವರ್ಷ, ಹುಟ್ಟಿದ್ದು ಬೆಳೆದದ್ದು ಎಲ್ಲ ಪುಣೆಯ ಕೋಥ್ರೂಡಿನಲ್ಲೇ. ಶಾಲೆಯಲ್ಲಿ ಇಂಗ್ಲಿಷು, ಹಿಂದಿ, ಮರಾಠಿ. 2020ರ ಕಾಯಿದೆ ಬಂದ ಮೇಲೆ ಮಹಾರಾಷ್ಟ್ರದಲ್ಲಿ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಲಿಸಲೇಬೇಕು. ಅದಕ್ಕೆ ನನ್ನ ತಕರಾರಿಲ್ಲ, ಅನ್ನ ಕೊಡುವ ಊರಿನ ಭಾಷೆ ಬರಬೇಕಾದ್ದೇ. ಆದರೆ ಕನ್ನಡದ ಪಾಳಿ ಬರುವಷ್ಟರಲ್ಲಿ ಮಗುವಿಗೆ ನಿದ್ದೆ ಬಂದಿರುತ್ತದೆ. ಬರೆದರೂ ಪದದ ನೆತ್ತಿಯ ಮೇಲೆ ದೇವನಾಗರಿಯ ಹಾಗೆ ಉದ್ದ ಗೆರೆ ಎಳೆದುಬಿಡುತ್ತಿದ್ದಳು. ‘ಅಕ್ಷರಾನೆಲ್ಲ ಹಗ್ಗದ ಮ್ಯಾಲೆ ಒಣಗಹಾಕಿದಂಗ ಕಾಣ್ತಾವಲ್ಲ’ ಅಂತ ನಮ್ಮವ್ವ ನಗುತ್ತಿದ್ದಳು. ಅವ್ವ ಇರುವುದು ಗದಗಿನಲ್ಲಿ, ಓದುವುದು ಕನ್ನಡ ಒಂದೇ.

ಹೋದ ವರ್ಷ ಮಗಳಿಗೆ ಯಾರೋ ಅಕ್ರಿಲಿಕ್ ಸ್ಟ್ಯಾಂಪುಗಳ ಒಂದು ಡಬ್ಬಿ ಉಡುಗೊರೆ ಕೊಟ್ಟರು. ಪಾರದರ್ಶಕ ತುಂಡಿಗೆ ಅಂಟಿಸಿಕೊಂಡು ಒತ್ತುವಂಥವು. ಹೂವು, ಚಿಟ್ಟೆ, ‘ಹ್ಯಾಪಿ ಬರ್ತ್‌ಡೇ’, ‘ಥ್ಯಾಂಕ್ ಯೂ’. ಕ್ಲಾಸಿನವರಿಗೆಲ್ಲ ಕಾರ್ಡು ಹಂಚಿ ಆಯಿತು. ದಸರಾ ಹತ್ತಿರ ಬಂದಾಗ ಅಜ್ಜಿಗೂ ಕಳಿಸಬೇಕೆಂದಳು, ಮರುಕ್ಷಣವೇ ತಾನೇ ತಡೆದಳು: ‘ಅಜ್ಜಿಗೆ ಇಂಗ್ಲಿಷ್ ಬರಲ್ಲ. ಕನ್ನಡದ ಸ್ಟ್ಯಾಂಪ್ ತಗೊಳ್ಳೋಣ.’

ಅಪ್ಪಾ ಬಳವಂತ ಚೌಕದ ಸ್ಟೇಷನರಿ ಅಂಗಡಿ ಸುತ್ತಿದೆವು, ರವಿವಾರ ಪೇಟೆಯ ಬೋಹರಿ ಆಳಿ ಎಂಬ ಓಣಿಗೂ ಹೋಗಿ ಬಂದೆವು. ಗಣಪತಿ, ಸ್ವಸ್ತಿಕ, ಶುಭ ಲಾಭ, ಇಂಗ್ಲಿಷಿನ ಎ ಬಿ ಸಿ ಡಿ ಎಲ್ಲ ಇವೆ, ಕನ್ನಡದ ಒಂದು ಅಕ್ಷರ ಇಲ್ಲ. ಪುಣೆಯಲ್ಲಿ ಯಾಕಿರಬೇಕು, ಅದೂ ಸರಿಯೇ. ಆಫೀಸಿನ ಸೀಲು ಮಾಡುವವರ ಕೈಲಿ ಮಾಡಿಸೋಣ ಎಂದೆ. ಅವಳು ಒಪ್ಪಲಿಲ್ಲ. ‘ಖೋಡರಬ್ಬರ್‌ನಲ್ಲಿ ನಾವೇ ಕೆತ್ತೋಣ.’ (ಪೆನ್ಸಿಲ್ ಅಳಿಸುವ ರಬ್ಬರಿಗೆ ಇಲ್ಲಿನವರು ಹೇಳುವುದು ಖೋಡರಬ್ಬರ್. ಈಗ ನಮ್ಮನೆಯಲ್ಲೂ ಅದೇ ಹೆಸರು.)

ದೊಡ್ಡ ಮೆತ್ತನೆಯ ರಬ್ಬರ್ ತಂದು ಅದರ ಮೇಲೆ ‘ಶ’ ಬರೆದು, ಬೆವರು ಸುರಿಸಿ ಅರ್ಧ ಗಂಟೆ ಕೆತ್ತಿ ಒತ್ತಿದೆ. ಉಲ್ಟಾ ‘ಶ’! ಮಗಳು ನೆಲದ ಮೇಲೆ ಹೊರಳಾಡಿ ನಕ್ಕಳು. ನನಗೆ ನಿಜಕ್ಕೂ ನಾಚಿಕೆಯಾಯಿತು, ಯಾಕಂದರೆ ನಮ್ಮ ಸೋದರಮಾವನದು ಗದಗಿನಲ್ಲಿ ಟ್ರೆಡಲ್ ಪ್ರೆಸ್ (ಕಾಲಲ್ಲಿ ತುಳಿದು ನಡೆಸುವ ಅಚ್ಚಿನ ಯಂತ್ರ) ಇತ್ತು. ಮದುವೆ ಕಾರ್ಡು, ಪಾವತಿ ಪುಸ್ತಕ ಅಚ್ಚು ಹಾಕುತ್ತಿದ್ದರು. ಅಚ್ಚಿನ ಮೊಳೆ, ಅಂದರೆ ಲೋಹದ ಬಿಡಿ ಅಕ್ಷರ, ಜೋಡಿಸುವವರು ಕನ್ನಡಿಯೊಳಗಿನ ಅಕ್ಷರವನ್ನು ನೆಟ್ಟಗಿನ ಅಕ್ಷರದಷ್ಟೇ ಸರಾಗವಾಗಿ ಓದುವುದನ್ನು ಪಕ್ಕದಲ್ಲಿ ಕೂತು ನೋಡಿದವಳು ನಾನು. ಅದನ್ನೇ ಮರೆತಿದ್ದೆ.

ಸರಿಯಾದ ದಾರಿ ಹೀಗೆ. ಬಟರ್ ಪೇಪರಿನ ಮೇಲೆ ಗಾಢ ಪೆನ್ಸಿಲಿನಿಂದ ಅಕ್ಷರವನ್ನು ನೆಟ್ಟಗೆ ಬರೆಯಿರಿ. ಬರೆದ ಮುಖ ಕೆಳಗೆ ಬರುವಂತೆ ರಬ್ಬರಿನ ಮೇಲಿಟ್ಟು ಚಮಚದ ಬೆನ್ನಿನಿಂದ ತಿಕ್ಕಿದರೆ ಪೆನ್ಸಿಲಿನ ಕರಿ ತಾನಾಗಿ ತಿರುವಿಕೊಂಡು ಕೂರುತ್ತದೆ. ಆಮೇಲೆ ಗೆರೆಯ ಆಚೀಚೆಯ ರಬ್ಬರನ್ನು ತೆಗೆಯುವುದು. ಚಾಕುವಿನ ಮೊನೆ ಅಕ್ಷರದಿಂದ ಹೊರಗೆ ವಾಲಿರಬೇಕು, ಗೆರೆಯ ಬುಡ ಅಗಲವಾಗಿ ಉಳಿಯಬೇಕು. ನೆಟ್ಟಗೆ ಕೊಯ್ದರೆ, ಇಲ್ಲವೇ ಒಳಗೆ ವಾಲಿಸಿದರೆ, ನಾಲ್ಕು ಸಲ ಒತ್ತುವಷ್ಟರಲ್ಲಿ ಗೆರೆ ಮುರಿದು ಬರುತ್ತದೆ. ಮಗು ಬರೆಯುವುದು, ತಿಕ್ಕುವುದು, ಒತ್ತುವುದು. ಚಾಕು ಮಾತ್ರ ನಿಮ್ಮ ಕೈಲಿರಲಿ.

ನಿಜವಾದ ಪಾಠ ಆದದ್ದು ಇಲ್ಲಿ. ‘ಹಬ್ಬದ ಶುಭಾಶಯ’ ಬರಬೇಕಿತ್ತು. ಮಗಳು ಜಾಣತನ ಮಾಡಿದಳು: ಪ್ರತಿ ಅಕ್ಷರಕ್ಕೂ ಹೊಸ ರಬ್ಬರ್ ಯಾಕೆ, ಕೊಂಬು, ಇಳಿ, ಗುಡಿಸು ಬೇರೆ ಬೇರೆ ಕೆತ್ತಿಟ್ಟುಕೊಂಡರೆ ಯಾವ ಅಕ್ಷರಕ್ಕಾದರೂ ಜೋಡಿಸಬಹುದಲ್ಲ? ಕೊಂಬು ಸರಿಹೋಯಿತು. ‘ಶ’ ಒತ್ತಿ ಪಕ್ಕದಲ್ಲಿ ಕೊಂಬು ಒತ್ತಿದರೆ ‘ಶು’ ಆಯಿತು. ‘ಭ’ದ ಪಕ್ಕ ಇಳಿ ಒತ್ತಿದಾಗ ಮಾತ್ರ ಕೆಟ್ಟಿತು. ತಲಕಟ್ಟು ಇನ್ನೂ ಅಲ್ಲೇ ಕೂತಿದೆ, ಇಳಿಗೆ ಜಾಗವೇ ಇಲ್ಲ. ಸಿಟ್ಟು ಮಾಡಿಕೊಂಡು ನನ್ನ ಪುಸ್ತಕ ತೆಗೆದು ನೋಡಿದಳು. ಹತ್ತು ನಿಮಿಷ ಮಾತಿಲ್ಲ. ಆಮೇಲೆ, ‘ಅಮ್ಮಾ, ಭಾ ಆದಾಗ ಭ-ದ ಟೋಪಿ ತೆಗೀತಾರೆ! ದಾ-ಗೂ ತೆಗೀತಾರೆ! ದು-ಗೆ ತೆಗೆಯಲ್ಲ!’ ಅಲ್ಲಿಗೇ ನಿಲ್ಲಲಿಲ್ಲ. ಬ, ಲ, ಣ, ಜ ಇವಕ್ಕೆ ಮೊದಲೇ ಟೋಪಿ ಇಲ್ಲ ಎಂದೂ ಅವಳೇ ಪಟ್ಟಿ ಮಾಡಿ ಫ್ರಿಜ್ಜಿಗೆ ಅಂಟಿಸಿದಳು. ಒಂದು ವರ್ಷ ಕ್ಲಾಸಿನಲ್ಲಿ ಕಾಗುಣಿತ ಹಾಡಿದ ಮಗು ಅದನ್ನು ಕಂಡದ್ದು ಅವತ್ತೇ.

ಮೊಳೆ ಎರಕ ಹೊಯ್ಯುವವರಿಗೂ ಇದೇ ತಲೆನೋವು ಇದ್ದಿರಬೇಕು. 1843ರಲ್ಲಿ ಮಂಗಳೂರಿನಲ್ಲಿ ಶುರುವಾದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಬಂದದ್ದು ಕಲ್ಲಚ್ಚಿನಲ್ಲಿ. ಕಲ್ಲಚ್ಚಿನಲ್ಲಿ ಕೈಬರಹವನ್ನೇ ಕಲ್ಲಿಗೆ ಇಳಿಸಬಹುದು, ಮೊಳೆಯ ಗೊಡವೆಯಿಲ್ಲ. ಹೇಳಿದೆ. ‘ನಮಗೂ ಕಲ್ಲು ತಗೊಂಡು ಬಾ’ ಎಂದಳು ಮಗಳು.

ಇನ್ನು ಕಾಗದ. ಶಿವಾಜಿನಗರದ ಕೆ.ಬಿ. ಜೋಶಿ ರಸ್ತೆಯಲ್ಲಿ 1940ರಿಂದ ಇರುವ ಹ್ಯಾಂಡ್‌ಮೇಡ್ ಪೇಪರ್ ಇನ್‌ಸ್ಟಿಟ್ಯೂಟಿಗೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ. ಹತ್ತಿ ಬಟ್ಟೆಯ ಚೂರುಗಳಿಂದ ಮಾಡಿದ ಕಾಗದ, ಅಂಚು ಒರಟೊರಟು, ಆ ಅಂಚೇ ಅದರ ಚೆಂದ, ಕತ್ತರಿಸಬೇಡಿ. ಮಡಿಸಲೂ ಸುಲಭ. ಯಂತ್ರದಲ್ಲಿ ಮಾಡಿದ ದಪ್ಪ ಹಾಳೆಯಲ್ಲಿ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ, ಅದಕ್ಕೆ ಅಡ್ಡ ಮಡಿಸಿದರೆ ಮಡಿಕೆಯಲ್ಲಿ ಬಿಳಿ ಬಿರುಕು ಬರುತ್ತದೆ. ಕೈಕಾಗದದಲ್ಲಿ ನಾರು ಎತ್ತೆತ್ತಲೋ ಹರಡಿರುವುದರಿಂದ ಹೇಗೆ ಮಡಿಸಿದರೂ ಆದೀತು. ಯಾವುದೇ ಆಗಲಿ, ಮಡಿಸುವ ಮೊದಲು ಸ್ಕೇಲ್ ಇಟ್ಟು ಇಂಕು ಮುಗಿದ ಬಾಲ್ ಪೆನ್ನಿನಿಂದ ಒಂದು ಗೆರೆ ಒತ್ತಿ ಎಳೆಯಿರಿ. ಅದಕ್ಕೆಂದು ಬೇರೆ ಸಾಮಾನು ಕೊಳ್ಳುವುದು ದುಡ್ಡು ದಂಡ.

ಡಿಸೈನ್ ಕಾಗದದ ಪ್ಯಾಡು ಅಂಗಡಿಯಲ್ಲಿ ಸಿಗುತ್ತದೆ. ನೋಡಲು ಚೆಂದವೇ, ಆದರೆ ಎಲ್ಲ ಯಾವುದೋ ಚಳಿದೇಶದ ಹೂವು. ನಾವು ಕಸೂತಿಯಿಂದ ಮಾಡಿಕೊಂಡೆವು. ಕಸೂತಿಯೆಂದರೆ ಎಳೆ ಎಣಿಸಿ ಹಾಕುವ ಹೊಲಿಗೆ, ಗ್ರಾಫ್ ಹಾಳೆಯ ಚೌಕಕ್ಕೆ ಹೇಳಿ ಮಾಡಿಸಿದ್ದು. ಗವಂತಿ ಹೊಲಿಗೆಯಲ್ಲಿ ಗೋಪುರ, ಮುರಗಿ ಹೊಲಿಗೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ತೇರು. ಅವ್ವನ ಹಳೆಯ ಸೀರೆಯ ಸೆರಗನ್ನು ಎದುರಿಗೆ ಹರಡಿಕೊಂಡು ಜೆಲ್ ಪೆನ್ನಿನಲ್ಲಿ ಒಂದು ಪುಟ ತುಂಬಿದೆವು. ಝೆರಾಕ್ಸಿನವರ ಹತ್ತಿರ ಅರಿಸಿನ ಬಣ್ಣದ ಹಾಳೆಯ ಮೇಲೆ ತೆಗೆಸಿದೆವು, ನಮ್ಮ ಡಿಸೈನ್ ಕಾಗದ ತಯಾರು. ಐದು ವರ್ಷದ ಮಗನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು, ಅವನಿಗೆ ಬೆಂಡೆಕಾಯಿ. ಅಡ್ಡ ಕೊಯ್ದು ಬಣ್ಣಕ್ಕೆ ಅದ್ದಿ ಒತ್ತಿದರೆ ಐದು ಎಸಳಿನ ಹೂ. ಲೋಳೆಯನ್ನು ಬಟ್ಟೆಯಲ್ಲಿ ಒರೆಸಿಕೊಳ್ಳದಿದ್ದರೆ ಹೂ ಹೋಗಿ ಕೆಸರಾಗುತ್ತದೆ, ಅಷ್ಟೇ.

ಕಾರ್ಡಿನ ಮುಖಕ್ಕೆ ಆಪಟಾ ಎಲೆ. ಇಲ್ಲಿಯವರು ದಸರಾಕ್ಕೆ ಬಂಗಾರ ಅಂತ ಕೊಡುವುದು ಅದನ್ನೇ. ನಮ್ಮ ಕಡೆ ಬನ್ನಿ ಕೊಟ್ಟು ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಅನ್ನುತ್ತೇವಲ್ಲ, ಹಾಗೆ. ಆಪಟಾ ಎಲೆಗೆ ಎರಡು ದಳ, ನಡುವೆ ಮಡಿಸಿದರೆ ಅದೇ ಒಂದು ಪುಟ್ಟ ಕಾರ್ಡು! ಇಂಕು ಹಚ್ಚಬೇಕಾದ್ದು ಎಲೆಯ ಬೆನ್ನಿಗೆ, ನರ ಉಬ್ಬಿರುವುದು ಆ ಕಡೆ. ಮೇಲೆ ಪೇಪರ್ ಹಾಕಿ ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಒಂದೊಂದು ನರವೂ ಮೂಡುತ್ತದೆ.

ಗೋವಾದ ವಾಸ್ಕೋದ ಅಕ್ಕ ಕೇಳಿದ್ದರು, ಗಾಳಿಯಲ್ಲಿ ತೇವ ಇರುವ ಕಡೆ ಇದೆಲ್ಲ ನಡೆದೀತೆ ಅಂತ. ನಡೆಯುತ್ತದೆ ಅಕ್ಕಾ, ಇಂಕು ನೋಡಿ ಕೊಳ್ಳಿ. ಆಫೀಸಿನ ನೇರಳೆ ಪ್ಯಾಡಿನದು ಡೈ ಇಂಕು, ಬೇಗ ಒಣಗುತ್ತದೆ, ಆದರೆ ಕೈಕಾಗದದೊಳಗೆ ಹೀರಿಕೊಂಡು ಅಕ್ಷರದ ಅಂಚು ಕದಡಿಬಿಡುತ್ತದೆ. ಪಿಗ್ಮೆಂಟ್ ಇಂಕು ಮೇಲೆಯೇ ನಿಂತು ಗೆರೆ ಚೊಕ್ಕಟ ಬರುತ್ತದೆ, ಒಣಗಲು ಮಾತ್ರ ಮಳೆಗಾಲದಲ್ಲಿ ರಾತ್ರಿಯೆಲ್ಲ ಬಿಡಬೇಕು. ಅದು ಹಸಿಯಿರುವಾಗ ಎಂಬಾಸಿಂಗ್ ಪುಡಿ ಉದುರಿಸಿ ಬಿಸಿ ತೋರಿಸಿದರೆ ಪುಡಿ ಕರಗಿ ಅಕ್ಷರ ಉಬ್ಬುತ್ತದೆ. ಕೂದಲು ಒಣಗಿಸುವ ಡ್ರೈಯರಿನಿಂದ ಆಗುವುದಿಲ್ಲ, ಪುಡಿಯೇ ಹಾರಿಹೋಗುತ್ತದೆ (ನನ್ನ ಸೋಫಾ ಇನ್ನೂ ಮಿನುಗುತ್ತಿದೆ). ನಾನು ಇಕ್ಕಳದಲ್ಲಿ ಹಿಡಿದು ಕಾದ ಹಂಚಿನ ಮೇಲೆ ಒಂದು ಬೆರಳು ಎತ್ತರದಲ್ಲಿ ಆಡಿಸುತ್ತೇನೆ. ಅಂಟಿಸಲು ಫೆವಿಕಾಲ್ ಬೇಡ, ಅದರ ನೀರಿಗೆ ಕಾಗದ ಅಲೆ ಏಳುತ್ತದೆ. ಎರಡು ಬದಿ ಅಂಟುವ ಟೇಪೇ ಸರಿ.

ಠಾಣೆ ಊರಿನ ಅಣ್ಣನವರು ಬರೆದಿದ್ದಾರೆ: ‘ಇಷ್ಟೆಲ್ಲಾ ಯಾಕಮ್ಮಾ, ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಿ ಪ್ರಿಂಟ್ ತೆಗೆದರೆ ಎರಡು ನಿಮಿಷದ ಕೆಲಸ.’ ನಿಜ ಅಣ್ಣಾ. ಆದರೆ ಟೈಪ್ ಮಾಡುವಾಗ ತಲಕಟ್ಟನ್ನು ಮೊಬೈಲೇ ತೆಗೆಯುತ್ತದೆ, ಮಗು ಅದನ್ನು ನೋಡುವುದೇ ಇಲ್ಲ. ಇನ್ನೊಂದು, ವಾಟ್ಸಾಪಿನಲ್ಲಿ ಬಂದ ಶುಭಾಶಯವನ್ನು ನಮ್ಮವ್ವ ಯಾವತ್ತೂ ತೆರೆದವಳಲ್ಲ.

ನನ್ನ ದೊಡ್ಡ ತಪ್ಪು ಅಂಚೆಯಲ್ಲಿ ಆಯಿತು. 300 ಜಿಎಸ್‌ಎಂ ಕಾಗದ ಅಂದರೆ ಒಂದು ಚದರ ಮೀಟರಿಗೆ 300 ಗ್ರಾಂ. ಎ4 ಹಾಳೆ ಅದರ ಹದಿನಾರನೆಯ ಒಂದು ಪಾಲು, ಅಂದರೆ 18.75 ಗ್ರಾಂ. ನಾನು ಇಡೀ ಎ4 ಮಡಿಸಿ, ಮೇಲೆ ಕಸೂತಿ ಕಾಗದ, ಮೂಲೆಗೆ ನಾಲ್ಕು ಮಣಿ ಅಂಟಿಸಿ, ದಪ್ಪ ಲಕೋಟೆಗೆ ಹಾಕಿ 5 ರೂಪಾಯಿಯ ಅಂಚೆಚೀಟಿ ಹಚ್ಚಿ ಡಬ್ಬಿಗೆ ಹಾಕಿಬಿಟ್ಟೆ. 5 ರೂಪಾಯಿಗೆ ಹೋಗುವುದು 20 ಗ್ರಾಂ ತನಕ ಮಾತ್ರ. ಅದನ್ನು ದಾಟಿದರೆ ಇನ್ನೊಂದು 5, ಹಚ್ಚದಿದ್ದರೆ ಕಡಿಮೆ ಬಿದ್ದದ್ದರ ಎರಡು ಪಟ್ಟು ಪಡೆಯುವವರ ತಲೆಗೆ. ಪೋಸ್ಟ್‌ಮನ್ ಅವ್ವನ ಹತ್ತಿರ 10 ರೂಪಾಯಿ ಕೇಳಿದ್ದಾರೆ. ಬೈಸಿಕೊಳ್ಳಲು ತಯಾರಾಗಿ ಫೋನ್ ಮಾಡಿದೆ. ಅವ್ವನಿಗೆ ಅದೇ ದೊಡ್ಡಸ್ತಿಕೆ! ‘ಹತ್ತು ರೂಪಾಯಿ ಕೊಟ್ಟು ಬಿಡಿಸಿಕೊಂಡೇನವಾ, ಅಂಥಾ ಕಾರ್ಡ ಅದು’ ಅಂತ ಓಣಿಗೆಲ್ಲ ತೋರಿಸಿ ಬಂದಿದ್ದಾಳೆ. ಮಣಿ ಮಾತ್ರ ಅಂಚೆ ಮುದ್ರೆಯ ಏಟಿಗೆ ಎರಡು ಪುಡಿಯಾಗಿದ್ದವಂತೆ. ನೀವು ಎ4ರ ಅರ್ಧದಲ್ಲಿ ಮಾಡಿ. ಕಾರ್ಡು ಒಂಬತ್ತೂವರೆ ಗ್ರಾಂ ಆಗುತ್ತದೆ, ಲಕೋಟೆ, ಡಿಸೈನ್ ಕಾಗದ ಸೇರಿದರೂ 20ರೊಳಗೇ. ಮಣಿ ಬಿಡಿ.

ಹದಿನೈದು ದಿನಕ್ಕೆ ಮಗಳ ಹೆಸರಿಗೇ 50 ಪೈಸೆಯ ಒಂದು ಪೋಸ್ಟ್‌ಕಾರ್ಡ್ ಬಂತು. ಅವ್ವನ ಅಕ್ಷರ, ಒತ್ತೊತ್ತಾಗಿ, ವಿಳಾಸದ ಪಕ್ಕದ ಸಂದಿಯಲ್ಲೂ ಬರೆದಿದ್ದಳು. ನಾನು ಓದಿ ಹೇಳಲು ಹೋದೆ, ಕಸಿದುಕೊಂಡು ಬಾಲ್ಕನಿಗೆ ಹೋದಳು. ಏಳೆಂಟು ಸಾಲಿಗೆ ಕಾಲು ಗಂಟೆ ಹಿಡಿಯಿತು. ಎರಡು ಸಲ ಒಳಗೆ ಬಂದು, ಕಾರ್ಡನ್ನು ನನಗೆ ಕೊಡದೆ, ಅಕ್ಷರದ ಮೇಲೆ ಬೆರಳಿಟ್ಟು ‘ಇದು ಯಾವುದು?’ ಎಂದು ಕೇಳಿದಳು. ಎರಡೂ ಸಲ ಒತ್ತಕ್ಷರವೇ. ಕೊನೆಯ ಸಾಲು ಜೋರಾಗಿ ಓದಿದಳು: ‘ಮುಂದ ಸಂಕ್ರಾಂತಿಗೆ ಎಳ್ಳು ಬೆಲ್ಲ ಅಂತ ಬರದು ಕಳಸು.’

ಈಗ ಅದೇ ನಡೆದಿದೆ. ಶಾಲೆಯ ಗೆಳತಿಯರಿಗೆ ‘ತಿಳಗುಳ ಘ್ಯಾ, ಗೋಡ ಗೋಡ ಬೋಲಾ’ (ಎಳ್ಳುಬೆಲ್ಲ ತಗೊಳ್ಳಿ, ಸಿಹಿಸಿಹಿಯಾಗಿ ಮಾತಾಡಿ) ಅಂತ ಮರಾಠಿಯಲ್ಲಿ ಪೆನ್ನಿನಿಂದ ಬರೆದು ಮುಗಿಸಿದ್ದಾಳೆ. ಅಜ್ಜಿಯದು ಮಾತ್ರ ರಬ್ಬರಿನಲ್ಲೇ ಆಗಬೇಕು. ‘ಳ’ದ ಒತ್ತು ಎರಡು ಸಲ ಮುರಿಯಿತು, ಅಷ್ಟು ಚಿಕ್ಕದು. ಮೂರನೆಯದು ನಿನ್ನೆ ರಾತ್ರಿ ಕೆತ್ತಿದೆ, ಇನ್ನೂ ಒತ್ತಿ ನೋಡಿಲ್ಲ.

ಪಿಂಪಳೆ ಸೌದಾಗರದ ತಂಗಿ, ಬರುವ ಭಾನುವಾರ ಮಗನನ್ನು ಕರೆದುಕೊಂಡು ಬನ್ನಿ. ರಬ್ಬರ್ ನಿಮ್ಮದು, ಬೆಂಡೆಕಾಯಿ ನನ್ನದು. ಹಳೆಯ ಅಂಗಿ ಹಾಕಿ ಕರೆತನ್ನಿ, ಪಿಗ್ಮೆಂಟ್ ಇಂಕು ಬಟ್ಟೆಯಿಂದ ಹೋಗುವುದಿಲ್ಲ.