ಹತ್ತು ಗೊಂಬೆ, ಒಂದೇ ಸೆಟ್: ‘ಅಂಡ್ ದೆನ್ ದೇರ್ ವರ್ ನನ್’ ಆಡಿಸೋದು ಹೇಗೆ?

ಮೂರನೇಬೆಲ್:
ಅಗಾಥಾ ಕ್ರಿಸ್ಟಿ ತಮ್ಮ ಕಾದಂಬರಿಗೆ 1943ರಲ್ಲಿ ತಾವೇ ಮಾಡಿದ ನಾಟಕರೂಪ ಎತ್ತಿಕೊಂಡಿದ್ದೇವೆ. ದ್ವೀಪದ ಮನೆಯೊಂದರಲ್ಲಿ ಸಿಕ್ಕಿಕೊಂಡ ಹತ್ತು ಜನರಲ್ಲಿ ಒಬ್ಬೊಬ್ಬರೇ ಸಾಯುತ್ತಾ ಹೋಗುತ್ತಾರೆ, ಪ್ರತಿ ಸಾವಿಗೂ ಒಂದು ಗೊಂಬೆ ಕಾಣೆಯಾಗುತ್ತದೆ. 250 ಸೀಟಿನ ಸಭಾಂಗಣ. ಮೂರು ಕಡೆ ಸಿಕ್ಕಿಕೊಂಡಿದ್ದೇವೆ: ಅಗ್ಗಿಷ್ಟಿಕೆ ಮೇಲಿನ ಹಲಗೆಯಲ್ಲಿರುವ ಗೊಂಬೆಗಳು ಒಂದೊಂದಾಗಿ ಮಾಯವಾಗೋದು, ರಂಗದ ಮೇಲೇ ಉಳಿಯುವ ಹೆಣಗಳು, ಪಿಸ್ತೂಲಿನ ಸದ್ದು. ಕೊಲೆಗಾರ ಯಾರು ಅಂತ ದಯವಿಟ್ಟು ಇಲ್ಲಿ ಬರೀಬೇಡಿ, ನಾಟಕ ನೋಡೋಕೆ ಬರುವವರೂ ಈ ಗುಂಪಿನಲ್ಲಿದ್ದಾರೆ.

ಸೈಡ್‌ವಿಂಗ್:
ಗೊಂಬೆ 4 ಇಂಚು ಇರಲಿ. 3ಕ್ಕೆ ಇಳಿದರೆ ಹಿಂದಿನ ಸಾಲಿಗೆ ಕಾಣಲ್ಲ, 5 ದಾಟಿದರೆ ಅಂಗೈಯಲ್ಲಿ ಅಡಗಲ್ಲ. ಕೆನೆಬಣ್ಣದ ಗೊಂಬೆ, ಹಿಂದೆ ಕಡುಬಣ್ಣದ ಗೋಡೆ. ಪಿಂಗಾಣಿ ಬೇಡವೇ ಬೇಡ. ಮರದ್ದು ಮಾಡಿಸಿ ತಳಕ್ಕೆ ಫೆಲ್ಟ್ ಬಟ್ಟೆ ಅಂಟಿಸಿ. ‘ಟಕ್’ ಅಂದರೆ ಅಷ್ಟೂ ತಲೆ ಒಟ್ಟಿಗೆ ತಿರುಗುತ್ತವೆ. ನಡುವೆ 3 ಇಂಚು ಬಿಟ್ಟು ಇಟ್ಟರೆ ಖಾಲಿ ಜಾಗ ಎದ್ದು ಕಾಣುತ್ತದೆ.

ಹಲಗೆಯ ಹಿಂದಿನ ಫ್ಲ್ಯಾಟ್‌ನಲ್ಲಿ (ಸೆಟ್ಟಿನ ಗೋಡೆಯಲ್ಲಿ) ಅಂಗೈ ತೂರುವಷ್ಟು ಕಿಂಡಿ ಕೊಯ್ದು ಕಪ್ಪು ವೆಲ್ವೆಟ್ ಇಳಿಬಿಡಿ, ಹಿಂದಿನಿಂದ ಕಪ್ಪು ಗ್ಲೌಸ್ ಹಾಕಿದವರು ಎತ್ತಿಕೊಳ್ಳಲಿ. ಆ ಹೊತ್ತಿಗೆ ಬ್ಯಾಕ್‌ಸ್ಟೇಜಿನ ನೀಲಿ ದೀಪ ಆರಿರಬೇಕು, ಇಲ್ಲದಿದ್ದರೆ ಕಿಂಡಿ ಹೊಳೆಯುತ್ತದೆ. ದಾರ ಕಟ್ಟಿ ಎಳೆಯೋಕೆ ಹೋಗಬೇಡಿ, ಪಕ್ಕದ ಎರಡನ್ನೂ ಉರುಳಿಸಿಕೊಂಡೇ ಬರೋದು.

ತಾಲೀಮು:
ಕಿಂಡಿ ಒಪ್ಪುತ್ತೇನೆ, ಆದರೆ ಅದರಲ್ಲೊಂದು ಮೋಸವಿದೆ. ಯಾರೂ ಹತ್ತಿರ ಸುಳಿಯದೆ ಗೊಂಬೆ ಮಾಯವಾದರೆ ಅದು ಭೂತದ ನಾಟಕ. ಕೊನೆಗೆ ನಿಜ ಬಯಲಾದಾಗ ಪ್ರೇಕ್ಷಕ ಮನಸ್ಸಲ್ಲೇ ಹಿಂದಕ್ಕೆ ಹೋಗಿ ಲೆಕ್ಕ ಹಾಕುತ್ತಾನೆ: ಆಗ ಆ ಮನುಷ್ಯ ಅಗ್ಗಿಷ್ಟಿಕೆ ಹತ್ತಿರ ಇದ್ದನೇ? ಹಾಗಾಗಿ ಕೈ ಯಾರದ್ದೇ ಇರಲಿ, ಪ್ರತಿ ಗೊಂಬೆಗೂ ಮುಂಚೆ ಕೊಲೆಗಾರನಿಗೆ ಅಲ್ಲಿಗೆ ಹೋಗೋ ಅವಕಾಶ ಬ್ಲಾಕಿಂಗ್‌ನಲ್ಲಿ, ಅಂದರೆ ಯಾರು ಯಾವಾಗ ಎಲ್ಲಿಗೆ ಹೋಗಬೇಕು ಅನ್ನೋ ಚಲನೆಯ ಯೋಜನೆಯಲ್ಲಿ, ಇರಲೇಬೇಕು. ಅವನೊಬ್ಬನೇ ಹೋದರೆ ಎರಡನೇ ಅಂಕಕ್ಕೇ ಸಿಕ್ಕಿಬೀಳುತ್ತಾನೆ. ಸಿಗರೇಟು ಹಚ್ಚೋಕೆ, ಸಾವುಗಳ ಸುಳಿವಿರುವ ಗೋಡೆ ಮೇಲಿನ ಪದ್ಯ ಓದೋಕೆ ಅಂತ ಇನ್ನಿಬ್ಬರು ಮೂವರನ್ನೂ ಅಲ್ಲಿಗೆ ಕಳಿಸಿ.

ಎತ್ತುವ ಕ್ಷಣಕ್ಕೆ ರಂಗದ ಇನ್ನೊಂದು ತುದಿಯಲ್ಲಿ ಯಾರಾದರೂ ಧಡಕ್ಕನೆ ಏಳಬೇಕು. ಕಣ್ಣು ಚಲನೆಯ ಹಿಂದೆ ಹೋಗುತ್ತದೆ, ಮಾತಿನ ಹಿಂದಲ್ಲ. ಯಾವ ಮಾತು, ಯಾವ ಪದ, ಯಾರ ಕೈ: ಮೂರನ್ನೂ ಪ್ರಾಂಪ್ಟ್ ಪ್ರತಿಯಲ್ಲಿ (ಎಲ್ಲ ಸೂಚನೆ ಗುರುತಿಸಿಟ್ಟ ನಾಟಕದ ಪ್ರತಿ) ಬರೆದಿಡಿ.

ಇನ್ನು ಹೆಣ. ವಿಷ ಕುಡಿದು ಸಾಯುವ ಮಾರ್ಸ್ಟನ್ ಪಾತ್ರಧಾರಿ ನಿಜಕ್ಕೆ ಕುಡಿಯೋದು ತೆಳ್ಳನೆಯ ಹಾಲಿಲ್ಲದ ಟೀ, ಅರ್ಧ ಗುಟುಕು. ಪೂರ್ತಿ ನುಂಗಿ, ಮನಸ್ಸಲ್ಲಿ ಎರಡು ಎಣಿಸಿ, ಆಮೇಲೆ ಒದ್ದಾಟ. ಬಾಯಲ್ಲಿ ಟೀ ಇಟ್ಟುಕೊಂಡು ಕೆಮ್ಮಿದರೆ ನಿಜವಾಗಿಯೇ ನೆತ್ತಿಗೇರುತ್ತದೆ. ಚೆಲ್ಲಿದ್ದನ್ನು ಬಟ್ಲರ್ ರಾಜರ್ಸ್ ಪಾತ್ರಧಾರಿ ಪಾತ್ರದಲ್ಲಿದ್ದುಕೊಂಡೇ ಒರೆಸಿಬಿಡಲಿ. ಮುಂದಿನ ದೃಶ್ಯದಲ್ಲಿ ಯಾರೂ ಜಾರಲ್ಲ. ಕುರ್ಚಿಯಲ್ಲೇ ಸಾಯುವ ಎಮಿಲಿ ಬ್ರೆಂಟ್‌ಳ ಕುರ್ಚಿಯನ್ನು ಪ್ರೇಕ್ಷಕರಿಗೆ ಮುಕ್ಕಾಲು ಬೆನ್ನಾಗುವಂತೆ ತಿರುಗಿಸಿ, ಎದೆ ಮೇಲೆ ದಪ್ಪ ಶಾಲು. ಮುಖಕ್ಕೆ ನೇರ ಬೆಳಕು ಬಿದ್ದರೆ ರೆಪ್ಪೆ ಅದುರುತ್ತದೆ, ಆ ಲೈಟನ್ನು ಮಾತ್ರ ನಿಧಾನಕ್ಕೆ ಇಳಿಸಿ.

ಡಿಮ್ಮರ್‌ಬೋರ್ಡ್:
ಪಿಸ್ತೂಲಿಗೆ ಬ್ಲ್ಯಾಂಕ್ (ಬರೀ ಮದ್ದಿನ ತೋಟಾ) ಹಾಕಬೇಡಿ. ಗುಂಡು ಇಲ್ಲದಿದ್ದರೂ ನಳಿಗೆಯಿಂದ ಬಿಸಿ ಗಾಳಿ, ಚೂರು ಹೊರಬರುತ್ತವೆ, ಹತ್ತಿರದಿಂದ ಅಪಾಯ. ಡಮ್ಮಿ ಹಿಡಿದು ನಟ ತೋಳು ಜಗ್ಗಲಿ, ಆ ತೋಳು ನೋಡಿ ಸೌಂಡಿನವರು ಗುಂಡಿ ಒತ್ತಲಿ. ವೈರ್ ಇರುವ ಸ್ಪೀಕರ್ರೇ ಬೇಕು. ಬ್ಲೂಟೂತ್ ತಡಮಾಡುತ್ತದೆ, ಆ ಎಳ್ಳಷ್ಟು ತಡಕ್ಕೇ ಜನ ನಗುತ್ತಾರೆ.

ಹತ್ತೂ ಜನರ ಮೇಲೆ ಹಳೆಯ ಕೊಲೆಗಳ ಆರೋಪ ಓದುವ ಗ್ರಾಮಫೋನ್ ದನಿ ಹಾಲ್‌ನ ಸ್ಪೀಕರ್‌ನಿಂದ ಬರಕೂಡದು. ಪಕ್ಕದ ಕೋಣೆಯ ಬಾಗಿಲ ಹಿಂದೆ ಚಿಕ್ಕದೊಂದು ಇಡಿ, ಬೇಸ್ ಪೂರ್ತಿ ತೆಗೆದುಬಿಡಿ. ರಾಜರ್ಸ್ ದಂಪತಿ ಸೇರಿ ಹತ್ತು ಹೆಸರು; ತನ್ನ ಹೆಸರು ಬಂದವರು ಮಾತ್ರ ಒಂದೇ ಒಂದು ಸಣ್ಣ ಚಲನೆ ಮಾಡಲಿ, ಉಳಿದವರು ಕಲ್ಲಾಗಲಿ. ಎಲ್ಲರೂ ಬೆಚ್ಚಿಬಿದ್ದರೆ ಯಾರು ಯಾವ ಅಪರಾಧದವರು ಅನ್ನೋದೇ ತಲೆಗೆ ಹೋಗಲ್ಲ.

ಮೂರನೇಬೆಲ್:
ಬಹಳ ಉಪಕಾರ. ಕೊನೆಯನ್ನು ಕಾದಂಬರಿಯ ಹಾಗೆ ಬದಲಾಯಿಸಬಹುದೇ?

ತಾಲೀಮು:
ನೀವೇ ಬದಲಾಯಿಸುವಂತಿಲ್ಲ. 1943ರ ರೂಪದಲ್ಲಿ ಇಬ್ಬರು ಬದುಕುತ್ತಾರೆ, 1939ರ ಕಾದಂಬರಿಯಲ್ಲಿ ಯಾರೂ ಇಲ್ಲ. ಕ್ರಿಸ್ಟಿ ತೀರಿಕೊಂಡದ್ದು 1976ರಲ್ಲಿ, ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯದ ಹಕ್ಕು ಆಮೇಲೂ 60 ವರ್ಷ, ಅಂದರೆ 2036ರ ಕೊನೆತನಕ. ಪ್ರದರ್ಶನಕ್ಕೆ, ಕನ್ನಡ ಅನುವಾದಕ್ಕೆ, ಕೊನೆ ಬದಲಿಸೋಕೆ ಮೂರಕ್ಕೂ ಲಿಖಿತ ಅನುಮತಿ ಕೇಳಿ, ಸಭಾಂಗಣ ಬುಕ್ ಮಾಡೋದಕ್ಕೆ ಮುಂಚೆಯೇ.